ನಲವತ್ತು ದಿನಗಳ ಸುಳ್ಳು ಆಕಾಶ

ನಮ್ಮ ದೂರದರ್ಶಕ ಇನ್ನೂ ನೆಲ ಬಿಟ್ಟಿರಲಿಲ್ಲ. ಅಷ್ಟರಲ್ಲೇ ನಾವು ಅದರ ಕಣ್ಣಿನಿಂದ ನಲವತ್ತು ದಿನಗಳ ಆಕಾಶ ನೋಡಿ ಮುಗಿಸಿದ್ದೆವು.

ಆ ಆಕಾಶ ಸುಳ್ಳು. ಅದನ್ನು ಮಾಡಿದವನು ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಕೂರುವ ನನ್ನ ಗೆಳೆಯ. ಹತ್ತು ತಿಂಗಳು ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಒಂದೊಂದೇ ನಕ್ಷತ್ರ ನೆಟ್ಟಿದ್ದ. ಸಿಡಿಯುವವು, ಮಿಣುಕುವವು, ಒಂದು ವಾರ ಉರಿದು ಆರಿಹೋಗುವವು. ಅವುಗಳಿಂದ ಹೊರಟ ಗಾಮಾ ಕಿರಣಗಳು ನಮ್ಮ ದೂರದರ್ಶಕಕ್ಕೆ ಬಡಿದರೆ ಹೇಗೆ ದಾಖಲಾಗುತ್ತವೋ ಹಾಗೆಯೇ ಲಕ್ಷಾಂತರ ದಾಖಲೆ ತಯಾರಿಸಿ ನಮ್ಮ ಮುಂದೆ ಸುರಿದ. ಎಲ್ಲೆಲ್ಲಿ ಏನೇನು ಇಟ್ಟಿದ್ದಾನೆ ಎಂಬ ಪಟ್ಟಿ ಮಾತ್ರ ಮುದ್ರೆ ಹಾಕಿದ ಲಕೋಟೆಯೊಂದರಲ್ಲಿ ನಮ್ಮ ಮುಖ್ಯಸ್ಥೆಯ ಬೀರುವಿನೊಳಗೆ ಕೂತಿತ್ತು. ಹುಡುಕುವುದು ನಮ್ಮ ಪಾಲು. ಹುಡುಕುವ ಸಾಫ್ಟ್‌ವೇರನ್ನು ಪರೀಕ್ಷಿಸುವ ತಂಡಕ್ಕೆ ನಾನು ಮುಂದಾಳು.

ಆಕಾಶ ಸೃಷ್ಟಿಸಿದವನಿಗೆ ಬೇರೆ ಹೆಸರು ಉಳಿಯುವುದುಂಟೇ? ಅವನು ಎಲ್ಲರ ಬಾಯಲ್ಲೂ ಬ್ರಹ್ಮನಾದ. ನಲವತ್ತು ದಿನ ಬ್ರಹ್ಮ ನಮ್ಮ ಜೊತೆ ಊಟಕ್ಕೆ ಕೂರುವಂತಿಲ್ಲ ಎಂದು ಮುಖ್ಯಸ್ಥೆಯೇ ಅಪ್ಪಣೆ ಮಾಡಿದ್ದರು. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಪಾಪ, ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಒಬ್ಬನೇ ಡಬ್ಬಿ ಬಿಚ್ಚುತ್ತಿದ್ದ. ನಾವು ಈಚೆಯಿಂದ ಕೂಗುತ್ತಿದ್ದೆವು.

“ಏನಯ್ಯಾ ಬ್ರಹ್ಮ, ಎಡಗಡೆ ಮೂಲೇಲಿ ಏನೋ ಮಿಣುಕ್ತಿದೆಯಲ್ಲ, ನೀನೇ ಇಟ್ಟಿದ್ದಾ?”

“ನಂಗೇನು ಗೊತ್ತು? ನಾನು ಊಟ ಮಾಡ್ತಿದೀನಿ.”

“ಕಿವಿ ಕೆಂಪಗಾಯ್ತು ನೋಡ್ರೋ! ಬರ್ಕೊಳ್ಳಿ, ಇಟ್ಟಿದ್ದಾನೆ.”

ಮಾರನೆಯ ದಿನದಿಂದ ಅವನು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದ.

ಗಾಮಾ ಕಿರಣ ಎನ್ನುವುದು ಕನ್ನಡಿಗೂ ಜಗ್ಗುವುದಿಲ್ಲ, ಗಾಜಿಗೂ ಬಗ್ಗುವುದಿಲ್ಲ. ಹಾಗಾಗಿ ನಮ್ಮ ದೂರದರ್ಶಕಕ್ಕೆ ಕೊಳವೆಯಿಲ್ಲ, ಮಸೂರವಿಲ್ಲ. ಊಟದ ಮೇಜಿನಷ್ಟು ಅಗಲದ, ಲೋಹದ ಹಾಳೆಗಳನ್ನು ಪದರ ಪದರವಾಗಿ ಪೇರಿಸಿದ ಒಂದು ಪೆಟ್ಟಿಗೆ. ಕಿರಣವೊಂದು ಒಳಹೊಕ್ಕು ಪದರಗಳಲ್ಲಿ ಗೀರು ಎಳೆದು ಸಾಯುತ್ತದೆ. ಆ ಗೀರು ನೋಡಿ, ಇದು ಎತ್ತಲಿಂದ ಬಂತು, ಯಾವಾಗ ಬಂತು, ಎಷ್ಟು ಬಿರುಸಾಗಿತ್ತು ಎಂದು ಹೇಳುವುದು ಸಾಫ್ಟ್‌ವೇರಿನ ಕೆಲಸ. ಗೀರು ಬಿಟ್ಟರೆ ನಮ್ಮ ಕೈಗೆ ಸಿಗುವುದು ಏನೂ ಇಲ್ಲ.

ಬ್ರಹ್ಮನ ಆಕಾಶದಲ್ಲಿ ಅತಿ ಮಂಕಾದ ನಕ್ಷತ್ರವೊಂದಿತ್ತು. ನಲವತ್ತು ದಿನಕ್ಕೆ ಅದರಿಂದ ಬಂದದ್ದು ಒಂಬತ್ತೇ ಒಂಬತ್ತು ಕಿರಣ. ಒಂದು ಬಂತು, ಐದು ದಿನ ಸುದ್ದಿಯಿಲ್ಲ, ಮತ್ತೊಂದು ಬಂತು, ಅದೇ ಜಾಗದಿಂದ. ಸುತ್ತ ಸಾವಿರಾರು ಅಡ್ಡಾದಿಡ್ಡಿ ಕಿರಣಗಳ ನಡುವೆ ಆ ಒಂಬತ್ತನ್ನು ನಮ್ಮ ಸಾಫ್ಟ್‌ವೇರ್ ಹೆಕ್ಕಿ ತೆಗೆದಾಗ ನನಗೆ ಮೈ ಜುಮ್ಮೆಂದಿತು. ಸುಳ್ಳು ನಕ್ಷತ್ರಕ್ಕೇ ಹೀಗಾದರೆ, ನಿಜವಾದದ್ದು ಬಂದಾಗ? ಭೂಮಿ ಹುಟ್ಟುವ ಮೊದಲೇ ಹೊರಟ ಬೆಳಕು, ದಾರಿಯಲ್ಲಿ ಎಲ್ಲಿಯೂ ಯಾವುದಕ್ಕೂ ತಾಗದೆ, ನಮ್ಮ ಮೇಜಿನಷ್ಟಗಲದ ಪೆಟ್ಟಿಗೆಯನ್ನೇ ಬಂದು ತಾಗುವುದೆಂದರೇನು! ಅದನ್ನು ಎದುರುಗೊಳ್ಳಲು ನಾವು ಬಾಗಿಲಲ್ಲಿ ಇರಬೇಡವೇ?

ಇರಲು ನನಗೊಂದು ಕುರ್ಚಿ ಗೊತ್ತಾಗಿತ್ತು. ಉಡಾವಣೆಯಾಗಿ, ದೂರದರ್ಶಕ ಕಣ್ಣು ತೆರೆದ ಮೊದಲ ಎಂಟು ಗಂಟೆ ಪರದೆಯ ಮುಂದೆ ಯಾರು ಕೂರಬೇಕು ಎಂಬ ಪಾಳಿಪಟ್ಟಿ ಮುಖ್ಯಸ್ಥೆಯ ಗೋಡೆಯ ಮೇಲಿತ್ತು. ಮೊದಲ ಸಾಲು ನನ್ನದು. ಏನೋ ನೆಪ ಮಾಡಿಕೊಂಡು ದಿನಕ್ಕೊಮ್ಮೆಯಾದರೂ ಅವರ ಕೋಣೆಗೆ ಹೋಗಿ ಆ ಸಾಲು ನೋಡಿ ಬರುತ್ತಿದ್ದೆ. ಹನ್ನೊಂದು ವರ್ಷ ಈ ಒಂದು ಪೆಟ್ಟಿಗೆಗಾಗಿ ದುಡಿದವನಿಗೆ ಅಷ್ಟು ಆಸೆಯಿದ್ದರೆ ತಪ್ಪೇನು?

ಮನೆಯಲ್ಲಿ ನನ್ನ ಕೆಲಸದ ಬೆಲೆ ಬೇರೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಹಸುಗೂಸುಗಳ ವಾರ್ಡಿನಲ್ಲಿ. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ನಾನು ಶೂ ಹಾಕುತ್ತಿರುತ್ತೇನೆ. ನಮ್ಮ ಸಂಸಾರದ ಮುಕ್ಕಾಲು ಪಾಲು ಮಾತುಕತೆ ಹೊಸ್ತಿಲಲ್ಲೇ ಆಗಿರುವುದು.

“ಇಲ್ಲದ ಆಕಾಶ, ಅದರೊಳಗೆ ಇಲ್ಲದ ನಕ್ಷತ್ರ. ಅದನ್ನ ಹುಡುಕೋಕೆ ಸಂಬಳ ಕೊಡ್ತಾರೆ,” ಎನ್ನುತ್ತಿದ್ದಳು. “ಇಲ್ಲಿ ಇರೋ ಮನೇಲಿ ಇರೋ ಸ್ಕ್ರೂಡ್ರೈವರ್ ಹುಡುಕಿಕೊಡಿ ಅಂತ ಎರಡು ವಾರದಿಂದ ಹೇಳಿದ್ರೂ ಆಗ್ಲಿಲ್ಲ ನಿಮಗೆ.”

ಮಗಳಿಗೆ ಎಂಟು ವರ್ಷ. ಬಾಯಿ ತೆರೆದರೆ ಮುಚ್ಚುವುದು ಗೊತ್ತಿಲ್ಲ. ಅದಕ್ಕೇ ಚಿನಕುರುಳಿ ಎಂದು ಕರೆಯುತ್ತೇವೆ. “ಅಪ್ಪ, ಬ್ರಹ್ಮ ಮಾಮನ ಆಕಾಶದಲ್ಲಿ ಎಲ್ಲಾ ಸಿಕ್ಕಿಬಿಟ್ರೆ ಆಮೇಲೆ ಅದನ್ನ ಎಲ್ಲಿ ಬಿಸಾಕ್ತೀರ?” ಎಂದು ಕೇಳಿದ್ದಳು.

ಗುರುವಾರ ಲಕೋಟೆ ಒಡೆದರು. ಮುನ್ನೂರ ಹನ್ನೆರಡು ಬಚ್ಚಿಟ್ಟಿದ್ದ. ಇನ್ನೂರ ತೊಂಬತ್ತೆಂಟು ಸಿಕ್ಕಿದ್ದವು. ಜಾಗವೂ ಕೂದಲೆಳೆಯಷ್ಟು ಆಚೀಚೆಯಾಗಿರಲಿಲ್ಲ. ಒಂಬತ್ತು ಕಿರಣದ ಬಡಪಾಯಿಯೂ ಪಟ್ಟಿಯಲ್ಲಿತ್ತು. ನಿಮಿಷಕ್ಕೆ ನೂರ ನಾಲ್ಕು ಸಲ ಮಿಡಿಯುವ ಒಂದು ವಿಚಿತ್ರ ನಕ್ಷತ್ರ ನಮಗೆ ಸಿಕ್ಕಿತ್ತು. ಅಂಥದ್ದು ಪ್ರಕೃತಿಯಲ್ಲಿ ಎಲ್ಲಿದೆಯೋ ಎಂದು ಎಲ್ಲರೂ ತಲೆ ಕೆರೆದುಕೊಂಡಿದ್ದೆವು.

“ಅದಾ? ನನ್ನ ನಾಡಿ,” ಎಂದ ಬ್ರಹ್ಮ. “ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ ಬಂದು ಬೆರಳಿಟ್ಟು ಎಣಿಸ್ಕೊಂಡೆ. ಅದನ್ನೇ ಹಾಕಿಬಿಟ್ಟೆ.”

ಮುಖ್ಯಸ್ಥೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. “ಸೋಮವಾರ ಹನ್ನೊಂದಕ್ಕೆ ಹಾರೋ ಪ್ರತಿಗೆ ಮುದ್ರೆ,” ಎಂದರು. ಎಂದರೆ, ದೂರದರ್ಶಕದೊಳಗೇ ಕೂತು ಮೇಲೆ ಹೋಗುವ ಸಾಫ್ಟ್‌ವೇರ್ ಅಂದಿಗೆ ಅಂತಿಮ. ಆಮೇಲೆ ಅದರ ಒಂದು ಅಲ್ಪವಿರಾಮವನ್ನೂ ಯಾರೂ ಮುಟ್ಟುವಂತಿಲ್ಲ.

ಶನಿವಾರ ಮಧ್ಯಾಹ್ನ ಮನೆಯವರಿಗೆಲ್ಲ ದೂರದರ್ಶಕ ತೋರಿಸುವ ಏರ್ಪಾಡಿತ್ತು. ಇನ್ನು ಮೂರು ವಾರಕ್ಕೆ ಅದು ಪೆಟ್ಟಿಗೆ ಸೇರಿ ಉಡಾವಣಾ ನೆಲೆಗೆ ಹೊರಡುತ್ತದೆ. ಹೆಂಡತಿಗೆ ಡ್ಯೂಟಿ. ಚಿನಕುರುಳಿಯ ಕೈ ಹಿಡಿದು ಹೋದೆ.

ದೂರದರ್ಶಕವಿರುವ ಹಾಲಿನೊಳಗೆ ಒಂದು ಧೂಳಿನ ಕಣವೂ ಸುಳಿಯಬಾರದು. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಟೋಪಿ, ಕೈಗವಸು ಹಾಕಿಕೊಂಡೇ ಒಳಹೋಗಬೇಕು. ಅದನ್ನು ನೋಡಿಕೊಳ್ಳುವ ಹಿರಿಯ ಎಂಜಿನಿಯರು ಮಡಿ ಮಾಮ. ನಿವೃತ್ತಿಗೆ ಒಂದು ವರ್ಷವಿತ್ತು. ಯಾರಾದರೂ ಸೀನಿದರೆ ಹತ್ತು ಹೆಜ್ಜೆ ಹಿಂದೆ ನೆಗೆಯುವ ಮನುಷ್ಯ. ಮಕ್ಕಳನ್ನೆಲ್ಲ ದಪ್ಪ ಗಾಜಿನ ಈಚೆ ನಿಲ್ಲಿಸಿ, ತಾನು ಒಳಗಿನಿಂದ ಮೈಕಿನಲ್ಲಿ ಮಾತಾಡುತ್ತಿದ್ದ.

“ಮಕ್ಕಳೇ, ಗಾಜು ಮುಟ್ಟಬಾರ್ದು. ಮುಟ್ಟಿದವರ ಬೆರಳಿನ ಗುರುತು ನನ್ನ ಕನಸಲ್ಲಿ ಬರುತ್ತೆ.”

ಬಿಳಿ ದೀಪದ ಕೆಳಗೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ದೂರದರ್ಶಕ ಕಿಟಕಿಯ ಕಡೆಗೆ ಮೂವತ್ತು ಡಿಗ್ರಿ ವಾಲಿ ನಿಂತಿತ್ತು. ಎರಡು ವರ್ಷದಿಂದ ನೆಟ್ಟಗಿದ್ದದ್ದನ್ನು ಹಿಂದಿನ ದಿನವಷ್ಟೇ, ಕೆಳಗಿನ ತಂತಿಗಳ ಕೆಲಸಕ್ಕೆಂದು ಮಡಿ ಮಾಮ ವಾಲಿಸಿದ್ದ. ಎಷ್ಟೋ ಸಲ ನೋಡಿದವನು ನಾನು. ಆದರೂ ಮಗಳ ತಲೆಯ ಎತ್ತರಕ್ಕೆ ಬಗ್ಗಿ ಗಾಜಿನ ಮೂಲಕ ನೋಡಿದಾಗ ಮೊದಲ ಸಲ ನೋಡಿದಂತಾಯಿತು. ಅದು ಯಾರನ್ನೋ ಕಾಯುತ್ತ ಕತ್ತು ಓರೆ ಮಾಡಿ ನಿಂತ ಹಾಗಿತ್ತು.

ಗಾಜಿನ ಪಕ್ಕದಲ್ಲಿ ಒಂದು ಪರದೆ ಇಟ್ಟಿದ್ದರು. ಅದರಲ್ಲಿ ದೊಡ್ಡ ವೃತ್ತ. ನಡುವೆ ನೆತ್ತಿಯ ಮೇಲಿನ ಆಕಾಶ. ಅಂಚು ಎಂದರೆ ದಿಗಂತ. ನಮ್ಮ ಸಾಫ್ಟ್‌ವೇರಿಗೇ ಅದನ್ನು ಹೊಂದಿಸಿದ್ದರು. ಟಕ್ ಟಕ್ ಎಂದು ಚುಕ್ಕಿಗಳು ಬೀಳುತ್ತಿದ್ದವು.

“ಇದೂ ಸುಳ್ಳು ಆಕಾಶನಾ?” ಎಂದಳು ಚಿನಕುರುಳಿ.

“ಅಲ್ಲ. ಇದು ನಿಜ. ಇವಕ್ಕೆ ಮ್ಯೂಆನ್ ಅಂತಾರೆ. ತುಂಬ ಮೇಲೆ, ಮೋಡಕ್ಕಿಂತ ಎಷ್ಟೋ ಮೇಲೆ, ಬಾಹ್ಯಾಕಾಶದಿಂದ ಬಂದ ಕಣಗಳು ಗಾಳಿಗೆ ಡಿಕ್ಕಿ ಹೊಡೀತವೆ. ಆಗ ಹುಟ್ಟೋವು ಇವು. ಸೂರು, ಗೋಡೆ, ಮನುಷ್ಯ, ಏನನ್ನೂ ಲೆಕ್ಕಿಸದೆ ತೂರಿಕೊಂಡು ಬರ್ತವೆ. ಕೈ ಚಾಚು.”

ಚಾಚಿದಳು.

“ಈಗ ಒಂದು ಹೋಯ್ತು ನಿನ್ನ ಅಂಗೈಯಿಂದ. ಈಗ ಇನ್ನೊಂದು. ಸೆಕೆಂಡಿಗೆ ಒಂದರ ಹಾಗೆ.”

ಅವಳು ಅಂಗೈಯನ್ನು ತಿರುಗಿಸಿ ಹಿಂಭಾಗ ನೋಡಿಕೊಂಡಳು. ಎಲ್ಲಿಂದ ಹೊರಬಿತ್ತೋ ಎಂದು ಹುಡುಕುವಂತೆ. “ನೋವೇ ಆಗ್ಲಿಲ್ಲ,” ಎಂದಳು ಪಿಸುದನಿಯಲ್ಲಿ. ಅವಳು ಹಿಂದೆಂದೂ ಪಿಸುದನಿಯಲ್ಲಿ ಮಾತಾಡಿದ್ದು ನನ್ನ ನೆನಪಿನಲ್ಲಿ ಇಲ್ಲ.

“ಹುಟ್ಟಿ ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲೂ ಬದುಕಲ್ಲ ಅವು. ಅಷ್ಟರಲ್ಲೇ ಇಲ್ಲಿಗೆ ಬಂದು ಮುಟ್ಟಬೇಕು.” ನನಗೂ ಹುರುಪು ಬಂದಿತ್ತು. “ಮೇಲಿಂದ ನೇರ ಬರೋವೇ ಜಾಸ್ತಿ. ನೋಡ್ತಿರು, ಸ್ವಲ್ಪ ಹೊತ್ತಿಗೆ ಚುಕ್ಕಿಯೆಲ್ಲ ವೃತ್ತದ ನಟ್ಟನಡುವೆ ದಟ್ಟವಾಗಿ ಕೂರುತ್ತೆ.”

ನೋಡುತ್ತ ನಿಂತೆವು. ಚುಕ್ಕಿಗಳು ಬಿದ್ದವು. ನೂರಾದವು, ಸಾವಿರವಾದವು. ದಟ್ಟವಾಗಿ ಕೂತವು ಕೂಡ. ಆದರೆ ನಡುವೆ ಅಲ್ಲ. ಗೋಡೆಯ ಕಡೆಗೆ, ವೃತ್ತದ ಅಂಚಿಗೆ ಹತ್ತಿರ. ಕೆಲವಂತೂ ವೃತ್ತದ ಆಚೆಗೇ ಬೀಳುತ್ತಿದ್ದವು, ನೆಲದ ಕೆಳಗಿನಿಂದ ಎದ್ದು ಬಂದವರಂತೆ.

“ಬರುತ್ತೆ, ಇರು ಅಪ್ಪ,” ಎಂದಳು ಮಗಳು, ನನ್ನನ್ನು ಸಮಾಧಾನ ಮಾಡುವವಳಂತೆ. “ಇನ್ನೂ ಸ್ವಲ್ಪ ಬೀಳಲಿ. ನಡುವೆ ಬರುತ್ತೆ.”

ಮಡಿ ಮಾಮ ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳಿದ: “ಸ್ಟ್ಯಾಂಡು ವಾಲಿಸಿದೀವಲ್ಲಾ, ಅದಕ್ಕೇ ಪಕ್ಕಕ್ಕೆ ಹೋಗಿವೆ. ಸಹಜ.” ಸುತ್ತ ನಿಂತಿದ್ದ ನಾಲ್ಕಾರು ಸಹೋದ್ಯೋಗಿಗಳೂ ಹೌದೆಂದು ತಲೆಯಾಡಿಸಿದರು.

ಸಹಜವಲ್ಲ. ಅದು ನನಗೆ ಗೊತ್ತಿತ್ತು.

ನಾವು ತಲೆ ಓರೆ ಮಾಡಿದರೆ ಗೋಡೆ ವಾಲಿದಂತೆ ಕಾಣುವುದಿಲ್ಲ. ಮಿದುಳು ಒಳಗೊಳಗೇ ತಲೆಯ ಓರೆಯನ್ನು ಕಳೆದು ಲೆಕ್ಕ ಸರಿಮಾಡುತ್ತದೆ. ದೂರದರ್ಶಕವೂ ಆಕಾಶದಲ್ಲಿ ಸದಾ ಹೊರಳುತ್ತ ಇರುತ್ತದೆ. ಅದರ ಓರೆಯನ್ನು ಕಳೆದು, ಕಿರಣ ನಿಜವಾಗಿ ಎತ್ತಲಿಂದ ಬಂತು ಎಂದು ಹೇಳಲು ನಮ್ಮಲ್ಲಿ ಒಂದು ಪುಟ್ಟ ಫೈಲಿದೆ. ನಾವೆಲ್ಲ ಅದನ್ನು ತಿರುಗು ಫೈಲು ಎನ್ನುತ್ತೇವೆ. ನೂರಿಪ್ಪತ್ತು ಸಾಲು. ಸ್ಟ್ಯಾಂಡ್ ಎಷ್ಟು ವಾಲಿದೆ ಎಂಬುದು ಅದಕ್ಕೆ ತಿಳಿಯುತ್ತದೆ; ಆ ಮೂವತ್ತು ಡಿಗ್ರಿಯನ್ನು ಕಳೆದು ಚುಕ್ಕಿಗಳನ್ನು ನಡುವೆ ತಂದು ಕೂರಿಸಬೇಕಿತ್ತು. ಚುಕ್ಕಿಗಳು ಕೂತದ್ದು ಅರವತ್ತು ಡಿಗ್ರಿಯಲ್ಲಿ. ಫೈಲು ಮೂವತ್ತನ್ನು ಕಳೆದಿರಲಿಲ್ಲ, ಕೂಡಿಸಿತ್ತು.

ಎರಡು ವರ್ಷ ಯಾರ ಕಣ್ಣಿಗೂ ಬೀಳದಿರಲು ಕಾರಣವೂ ಅಲ್ಲೇ ಇತ್ತು. ನೆಟ್ಟಗೆ ನಿಂತಾಗ ಓರೆ ಸೊನ್ನೆ. ಸೊನ್ನೆಯನ್ನು ಕಳೆದರೇನು, ಕೂಡಿಸಿದರೇನು?

ಮಗಳನ್ನು ಮಡಿ ಮಾಮನ ಸಹಾಯಕಿಯ ಹತ್ತಿರ ಬಿಟ್ಟು ಮೇಲಕ್ಕೆ ಓಡಿದೆ. ಫೈಲು ತೆರೆದೆ. ನೆತ್ತಿಯಲ್ಲಿ ಬರೆದವರ ಹೆಸರಿತ್ತು: ನನ್ನದೇ. ತಾರೀಖಿತ್ತು, ಎಂಟು ವರ್ಷ ಹಿಂದಿನದು. ಬೆರಳು ಮಡಚಿ ಎಣಿಸಿದೆ. ಅಂದಿಗೆ ಚಿನಕುರುಳಿಗೆ ಹತ್ತೊಂಬತ್ತು ದಿನ. ಆ ದಿನಗಳಲ್ಲಿ ನಾನೂ ಅವಳಮ್ಮನೂ ಎರಡೆರಡು ಗಂಟೆಯ ಪಾಳಿಯಲ್ಲಿ ಅವಳನ್ನು ಎತ್ತಿಕೊಂಡು ತಿರುಗುತ್ತಿದ್ದೆವು. ಎಪ್ಪತ್ತೊಂದನೆಯ ಸಾಲಿನ ಪಕ್ಕದಲ್ಲಿ ನಾನೇ ನನಗೊಂದು ಟಿಪ್ಪಣಿ ಬರೆದುಕೊಂಡಿದ್ದೆ: “ದಿಕ್ಕು ಸರಿಯೇ? ಇನ್ನೊಮ್ಮೆ ನೋಡಬೇಕು.”

ನೋಡಿರಲಿಲ್ಲ.

ಹಾಗಾದರೆ ಸುಳ್ಳು ಆಕಾಶದಲ್ಲಿ ಇನ್ನೂರ ತೊಂಬತ್ತೆಂಟು ನಕ್ಷತ್ರ ಕೂದಲೆಳೆಯಷ್ಟೂ ತಪ್ಪದೆ ಸಿಕ್ಕಿದ್ದು ಹೇಗೆ? ಉತ್ತರ ಗೊತ್ತಿತ್ತು, ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಸುಳ್ಳು ಕಿರಣಗಳನ್ನು ಪೆಟ್ಟಿಗೆಗೆ ಬಡಿಸಲು ಬ್ರಹ್ಮನೂ ಇದೇ ತಿರುಗು ಫೈಲನ್ನೇ ಬಳಸಿದ್ದ. ಅವನು ಉಲ್ಟಾ ತಿರುಗಿಸಿ ಒಳಗಿಟ್ಟ; ನಾನು ಉಲ್ಟಾ ತಿರುಗಿಸಿ ಹೊರತೆಗೆದೆ. ಎರಡು ಉಲ್ಟಾ ಸೇರಿ ಎಲ್ಲ ಸೀದಾ ಆಗಿತ್ತು. ನಲವತ್ತು ದಿನ ಒಬ್ಬರ ಜೊತೆ ಒಬ್ಬರು ಉಣ್ಣದೆ ಗುಟ್ಟು ಕಾಪಾಡಿಕೊಂಡ ನಾವಿಬ್ಬರು, ಈ ನೂರಿಪ್ಪತ್ತು ಸಾಲಿನಲ್ಲಿ ಮೊದಲ ದಿನವೇ ಒಂದೇ ತಟ್ಟೆಯಲ್ಲಿ ಉಂಡಿದ್ದೆವು.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಕಾಲು ಚಾಚಿ ಕೂತು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು.

“ನಮ್ಮಲ್ಲಿ ಕೂಸುಗಳಿಗೆ ಔಷಧಿ ಲೆಕ್ಕ ಇಬ್ಬರು ಮಾಡ್ತೀವಿ ರೀ,” ಎಂದಳು. “ಬೇರೆ ಬೇರೆ. ಒಬ್ಬಳ ಚೀಟಿ ಇನ್ನೊಬ್ಬಳು ನೋಡೋ ಹಾಗಿಲ್ಲ. ನೋಡಿದ್ರೆ ಅದು ಒಬ್ಬಳು ಮಾಡಿದ ಹಾಗೇ ಲೆಕ್ಕ. ನಿಮ್ಮಲ್ಲಿ ಇಷ್ಟು ಓದಿದೋರಿಗೆ ಇದು ಹೊಳೀಲಿಲ್ವಾ?”

“ಹೊಳೆದಿತ್ತು. ಆಕಾಶಕ್ಕೆ ಮಾಡಿದ್ವಿ. ಫೈಲಿಗೆ ಮಾಡ್ಲಿಲ್ಲ.”

“ಹಾಗೇ ಬಿಟ್ರೆ ಏನಾಗುತ್ತೆ?”

“ಎಲ್ಲೋ ಒಂದು ದೊಡ್ಡ ನಕ್ಷತ್ರ ಸಾಯುತ್ತೆ. ಆಗ ಎದ್ದ ಬೆಳಕು ಸಾವಿರ ಕೋಟಿ ವರ್ಷ ನಡೆದು ಇಲ್ಲಿಗೆ ಬರುತ್ತೆ. ಬಂದ್ರೆ ಇರೋದು ಅರ್ಧ ನಿಮಿಷ. ಅಷ್ಟರಲ್ಲಿ ದೂರದರ್ಶಕ ಯಾರನ್ನೂ ಕೇಳದೆ ತಾನೇ ಅದರ ಕಡೆ ತಿರುಗಬೇಕು. ಎತ್ತ ತಿರುಗಬೇಕು ಅಂತ ಹೇಳೋದು ಈ ಫೈಲೇ.”

“ಬೆನ್ನು ತೋರಿಸುತ್ತೆ ಅನ್ನಿ.”

“ಹ್ಞೂ.”

ಅವಳು ಒತ್ತುವುದನ್ನು ನಿಲ್ಲಿಸಿದಳು. “ಅಷ್ಟು ದೂರದಿಂದ ಬಂದೋರಿಗೆ,” ಎಂದಳು. ಆಮೇಲೆ, ಅವಳಿಗೆ ಎಲ್ಲ ಗೊತ್ತಿರುತ್ತದೆ, ಕೇಳಿದಳು: “ನಿಮ್ಮ ಕುರ್ಚಿ?”

ನಾನು ಎದ್ದು ಸ್ಕ್ರೂಡ್ರೈವರ್ ಹುಡುಕತೊಡಗಿದೆ.

ಭಾನುವಾರ ಬೆಳಿಗ್ಗೆ ಬ್ರಹ್ಮನ ಮನೆಗೆ ಹೋದಾಗ ಅವನು ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಕಟ್ಟಿಕೊಂಡ ಪೈಪು ಬಿಚ್ಚುತ್ತಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಕಾಲಿಗೇ ಎಲ್ಲ ಹೇಳಿದೆ. ಕಾಲು ಅಲ್ಲಾಡಲಿಲ್ಲ. ಕೆಳಗಿನಿಂದ ದನಿ ಬಂತು.

“ನನ್ನ ಹತ್ತು ತಿಂಗಳು?”

“ನಕ್ಷತ್ರಗಳಿಗೆ ಏನೂ ಆಗಿಲ್ಲ ಕಣಯ್ಯಾ. ಮಿನುಗೋದು, ಮಂಕಾಗೋದು, ನಿನ್ನ ನಾಡಿ, ಎಲ್ಲಾ ಸರಿಯಾಗಿ ಸಿಕ್ಕಿದೆ. ದಿಕ್ಕು ಮಾತ್ರ...”

“ಆಕಾಶದಲ್ಲಿ ದಿಕ್ಕು ಬಿಟ್ರೆ ಇನ್ನೇನಯ್ಯಾ ಇದೆ?” ಎನ್ನುತ್ತ ಹೊರಗೆ ಬಂದ. ಕೆನ್ನೆಯ ಮೇಲೆ ಕರಿ. ಸ್ಪ್ಯಾನರನ್ನು ನನ್ನತ್ತ ತೋರಿಸಿದ. “ಕೇಳು. ಮುದ್ರೆ ನಾಳೆ ಹನ್ನೊಂದಕ್ಕೆ. ಫೈಲು ನಿನ್ನದು. ಬೆಳಿಗ್ಗೆ ಎಂಟಕ್ಕೆ ಹೋಗು, ಎಪ್ಪತ್ತೊಂದನೇ ಸಾಲಲ್ಲಿ ಒಂದು ಮೈನಸ್ ಹಾಕು, ನನ್ನ ಆಕಾಶದ ಮೇಲೆ ಇನ್ನೊಂದು ಸಲ ಓಡಿಸು. ನಿಂದೂ ನಂದೂ ಎರಡೂ ಒಟ್ಟಿಗೇ ಸರಿಹೋಗುತ್ತೆ, ಪರೀಕ್ಷೆ ಮತ್ತೆ ಪಾಸ್. ನೀನು ಕುರ್ಚೀಲಿ ಕೂರು. ಯಾರಿಗೆ ಗೊತ್ತಾಗುತ್ತೆ?”

ಸುಳ್ಳೇಕೆ ಹೇಳಲಿ, ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನೂ ಅದನ್ನೇ ಮೆಲುಕು ಹಾಕುತ್ತ ಬಂದಿದ್ದೆ. ಆದರೆ ಅವನ ಬಾಯಲ್ಲಿ ಕೇಳಿದಾಗ ಅದರೊಳಗಿನ ಪೊಳ್ಳು ಫಕ್ಕನೆ ಕಂಡಿತು.

“ಮೈನಸ್ ಇಲ್ದೇನೂ ಪಾಸಾಯ್ತು. ಹಾಕಿದ್ರೂ ಪಾಸಾಗುತ್ತೆ. ಎರಡಕ್ಕೂ ಪಾಸ್ ಅನ್ನೋ ಪರೀಕ್ಷೆ ಏನು ಹೇಳ್ದ ಹಾಗಾಯ್ತು? ಮೈನಸ್ಸೇ ಸರಿ ಅಂತ ನಂಗೆ ಹೇಳೋರು ಯಾರು? ನೀನಾ?”

“ನಾನು ಹೇಳೋ ಹಾಗಿಲ್ಲ. ನಾನೂ ಅದನ್ನೇ ತಿಂದೋನು.”

“ಮ್ಯೂಆನ್ ಹೇಳಬೇಕು. ಅವುಗಳಿಗೆ ನೀನೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಸ್ಟ್ಯಾಂಡನ್ನ ಆರು ಕಡೆ ವಾಲಿಸಿ ನೋಡಬೇಕು. ಮಡಿ ಮಾಮ ಮೇಡಂ ಅಪ್ಪಣೆ ಇಲ್ಲದೆ ಒಂದು ಸ್ಕ್ರೂ ತಿರುಗಿಸಲ್ಲ.”

ಬ್ರಹ್ಮ ನೆಲದ ಮೇಲೇ ಕೂತು ಕೈ ಒರೆಸಿಕೊಂಡ. “ಒಂದು ಲೋಟ ನೀರು ಕುಡಿ,” ಎಂದ. “ಅಯ್ಯೋ, ಪೈಪ್ ಬಿಚ್ಚಿದೀನಿ, ನಲ್ಲಿ ಬಿಡಬೇಡ!”

ಅಷ್ಟರಲ್ಲಿ ನಾನು ಬಿಟ್ಟಾಗಿತ್ತು.

ಸೋಮವಾರ ಒಂಬತ್ತಕ್ಕೆ ಇಬ್ಬರೂ ಮುಖ್ಯಸ್ಥೆಯ ಮುಂದೆ ನಿಂತೆವು. ನಾನು ಟಿಪ್ಪಣಿಯ ಸಾಲನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಅವರು ಮುದ್ರೆಗೆ ಸಿದ್ಧವಾಗಿದ್ದ ಕಾಗದಗಳನ್ನು ಅಂಚು ಸೇರಿಸಿ, ಮಗುಚಿ ಇಟ್ಟರು.

“ಎಷ್ಟು ದಿನ ಬೇಕು?”

“ಒಂಬತ್ತು.”

“ನೀವಿಬ್ರೂ ಆ ಫೈಲನ್ನ ಹೊಸದಾಗಿ ಬರೀಬೇಕು. ಬೇರೆ ಬೇರೆ ಕೋಣೆ. ಹಳೇದನ್ನ ತೆರೆಯೋ ಹಾಗಿಲ್ಲ. ಒಬ್ಬರದ್ದು ಒಬ್ಬರು ಕೇಳೋ ಹಾಗಿಲ್ಲ.” ಬ್ರಹ್ಮನ ಕಡೆ ತಿರುಗಿದರು. “ಊಟ ಬೇರೆ.”

“ಮತ್ತೆನಾ ಮೇಡಂ?” ಎಂದ ಬ್ರಹ್ಮ, ಅಳುವವನ ಹಾಗೆ.

ಆಮೇಲೆ ಅವರು ಎದ್ದು ಗೋಡೆಯ ಹತ್ತಿರ ಹೋಗಿ, ಪೆನ್ಸಿಲ್ ತೆಗೆದು, ಪಾಳಿಪಟ್ಟಿಯ ಮೊದಲ ಸಾಲಿನಲ್ಲಿದ್ದ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಸ್ಕೇಲ್ ಇಟ್ಟು, ನೇರವಾಗಿ. “ಆ ದಿನ ನೀವು ಈ ಫೈಲಿನ ಹಿಂದೆ ಇರಬೇಕು. ಕುರ್ಚೀಲಿ ಕೂತು ಚಂದ ನೋಡೋಕೆ ಆಗಲ್ಲ ನಿಮಗೆ,” ಎಂದರು. ಸ್ಕೇಲನ್ನು ಮೇಜಿನ ಮೇಲಿಟ್ಟು ಸೇರಿಸಿದರು: “ನೀವು ಬರದೇ ಇದ್ದಿದ್ರೆ ಹನ್ನೊಂದಕ್ಕೆ ನಾನೇ ಸಹಿ ಹಾಕ್ತಿದ್ದೆ.”

ಬ್ರಹ್ಮನಿಗೆ ಕೊಟ್ಟರು ಕುರ್ಚಿಯನ್ನು. ಅವನು ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದ, ಹೇಗೂ ಮಾತಾಡುವಂತಿರಲಿಲ್ಲ. ನನಗೆ ಸಂಕಟವಾಗಲಿಲ್ಲ ಎಂದರೆ ಯಾರೂ ನಂಬಬೇಡಿ. ಗೆರೆ ಬಿದ್ದ ಆ ಸಾಲು ಬಸ್ಸಿನಲ್ಲಿ, ಮಗಳ ಹೋಂವರ್ಕಿನ ಪುಸ್ತಕದಲ್ಲಿ, ಒಣಗಲು ಹಾಕಿದ ಬಟ್ಟೆಯ ತಂತಿಯಲ್ಲಿ ಕಾಣುತ್ತಿತ್ತು.

ಚಿನಕುರುಳಿ ಮಾತ್ರ ದಿನಾ ಸಂಜೆ ಬಾಗಿಲು ತೆರೆಯುತ್ತಲೇ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಅಪ್ಪ, ಚುಕ್ಕಿ ನಡುವೆ ಬಂತಾ?”

“ಇನ್ನೂ ಇಲ್ಲ.”

“ಹ್ಞಾಂ, ಬರುತ್ತೆ,” ಎಂದು ಆಟಕ್ಕೆ ಹೋಗುತ್ತಿದ್ದಳು.

ಆರನೆಯ ದಿನ ಮುಖ್ಯಸ್ಥೆ ಇಬ್ಬರ ಫೈಲುಗಳನ್ನೂ ಅಕ್ಕಪಕ್ಕ ಇಟ್ಟು ಓಡಿಸಿದರು. ಬ್ರಹ್ಮನದು ಇನ್ನೂರು ಸಾಲು, ನನ್ನದು ತೊಂಬತ್ತು. ಬರೆದ ರೀತಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಸಾವಿರ ದಿಕ್ಕು ಕೊಟ್ಟರು. ಸಾವಿರಕ್ಕೂ ಎರಡೂ ಒಂದೇ ಉತ್ತರ ಕೊಟ್ಟವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಮ್ಮೆ ತಟ್ಟಿ ಕೈ ಸುಟ್ಟುಕೊಂಡಾಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಿಳಿ ಬಟ್ಟೆ ತೊಟ್ಟು, ಮಡಿ ಮಾಮನ ಜೊತೆ ಹಾಲಿನೊಳಗೆ ಹೋದೆ. ಕಿಟಕಿಗಳ ದಪ್ಪ ಗಾಜಿನಿಂದ ಬಿಸಿಲು ಬಂದು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಪಂಪಿನ ಸದ್ದು ಬಿಟ್ಟರೆ ಏನೂ ಇಲ್ಲ. ದೂರದರ್ಶಕ ನೆಟ್ಟಗೆ ನಿಂತಿತ್ತು. ಮೂಲೆಯ ಪರದೆಯಲ್ಲಿ ಹೊಸ ಫೈಲು ಓಡುತ್ತಿತ್ತು. ಚುಕ್ಕಿಗಳು ವೃತ್ತದ ನಡುವೆ ಗುಪ್ಪೆಯಾಗಿ ಬೀಳುತ್ತಿದ್ದವು. ಅದರಲ್ಲೇನೂ ಹೆಚ್ಚಲ್ಲ. ನೆಟ್ಟಗಿದ್ದಾಗ ಹಳೆಯದೂ ಅಷ್ಟು ಮಾಡುತ್ತಿತ್ತು.

“ವಾಲಿಸಿ ಮಾಮ,” ಎಂದೆ. “ಕಿಟಕಿ ಕಡೆ. ಮೂವತ್ತು.”

ಮಡಿ ಮಾಮ ಸ್ಟ್ಯಾಂಡಿನ ಚಕ್ರಕ್ಕೆ ಎರಡೂ ಕೈ ಹಚ್ಚಿದ. ಒಂದು ಸುತ್ತಿಗೆ ಅರ್ಧ ಡಿಗ್ರಿ. ಅರವತ್ತು ಸುತ್ತು. ಹನ್ನೊಂದು ವರ್ಷದ ನಮ್ಮ ದುಡಿತವೆಲ್ಲ ಆ ಮುದುಕನ ಕೈಯಲ್ಲಿ ನಿಧಾನವಾಗಿ, ಎಣ್ಣೆಯಲ್ಲಿ ಜಾರಿದಂತೆ, ಬಿಸಿಲಿನ ಕಡೆಗೆ ಬಾಗಿತು. ನಾನು ಪರದೆಯ ಮೇಲಿನ ಹಳೆಯ ಚುಕ್ಕಿಗಳನ್ನೆಲ್ಲ ಅಳಿಸಿದೆ. ವೃತ್ತ ಖಾಲಿಯಾಯಿತು.

ಒಂದು ಚುಕ್ಕಿ ಬಿತ್ತು. ನಡುವಿಗೆ ಹತ್ತಿರ. ಒಂದರಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು. ಹತ್ತು. ಒಂದು ದೂರದ ಅಂಚಿಗೆ ಬಿದ್ದಾಗ ಎದೆ ಧಸಕ್ಕೆಂದಿತು. ಅಂಥವೂ ಇರುತ್ತವೆ ಎಂದು ಬುದ್ಧಿ ಹೇಳಿತು, ಎದೆ ಕೇಳಲಿಲ್ಲ. ನೂರು. ಮುನ್ನೂರು. ನಡುವೆ ಮಸುಕಾಗಿ ಒಂದು ಗುಪ್ಪೆ ಏಳತೊಡಗಿತು. ಸಾವಿರವಾಗುವ ಹೊತ್ತಿಗೆ ಸಂಶಯ ಉಳಿದಿರಲಿಲ್ಲ. ದೂರದರ್ಶಕ ಕಿಟಕಿಯ ಕಡೆ ಬಾಗಿತ್ತು. ಆಕಾಶ ನೆತ್ತಿಯ ಮೇಲೆಯೇ ಇತ್ತು.

“ಈಗ ಗೋಡೆ ಕಡೆ ಮಾಮ.”

ನೂರಿಪ್ಪತ್ತು ಸುತ್ತು. ಗುಪ್ಪೆ ನಡುವೆ. ಬಾಗಿಲ ಕಡೆ, ನಡುವೆ. ಪಂಪಿನ ಕಡೆ, ನಡುವೆ. ಹೀಗೆ ಆರೂ ಕಡೆ. ಮಡಿ ಮಾಮನ ಟೋಪಿಯ ಅಂಚಿನಲ್ಲಿ ಬೆವರು ಮೂಡಿತ್ತು. ಅದು ನೆಲಕ್ಕೆ ಬಿದ್ದೀತೆಂಬ ಭಯದಿಂದ ಅವನು ತಲೆ ಹಿಂದಕ್ಕೆ ವಾಲಿಸಿಕೊಂಡೇ ಚಕ್ರ ತಿರುಗಿಸುತ್ತಿದ್ದ. ಕೊನೆಗೆ ನಿಂತು ಪರದೆಯನ್ನು ದಿಟ್ಟಿಸಿ ನೋಡಿದ.

“ಏನಪ್ಪಾ ಇದು, ನಿನ್ನ ಮೆಷಿನ್ನು ಕೆಟ್ಟು ನಿಂತಿದೆಯಾ? ಬೆಳಗಿಂದ ನಾನು ತಿರುಗಿಸಿ ತಿರುಗಿಸಿ ಸಾಯ್ತಿದೀನಿ, ಅದು ಕದಲ್ತಾನೇ ಇಲ್ಲ.”

“ಕದಲಬಾರ್ದು ಮಾಮ. ಕದಲಿದ್ದು ನಾವು.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖ ಎತ್ತಿ ಮೇಲೆ ನೋಡಿದ. ನಾನೂ ನೋಡಿದೆ. ಬಿಳಿ ಬಣ್ಣದ ಕಾಂಕ್ರೀಟ್ ಸೂರು, ದೀಪಗಳ ಸಾಲು. ಅದರ ಮೇಲೆ ಮೂರು ಮಹಡಿ, ಬ್ರಹ್ಮನ ಕೋಣೆ, ನೀರಿನ ಟ್ಯಾಂಕು, ಅದರ ಮೇಲೆ ಗಾಳಿ, ಅದರಾಚೆ ಹೆಸರಿಲ್ಲದಷ್ಟು ದೂರ. ಅಲ್ಲಿಂದ ಎಲ್ಲವನ್ನೂ ತೂರಿಕೊಂಡು ಮ್ಯೂಆನ್ ಮಳೆ ಬೀಳುತ್ತಿತ್ತು, ನಮ್ಮಿಬ್ಬರ ಟೋಪಿಯ ಮೇಲೆ, ಭುಜದ ಮೇಲೆ, ನಾವು ಕಟ್ಟಿದ ಪೆಟ್ಟಿಗೆಯ ಮೇಲೆ, ಯಾವ ಸದ್ದೂ ಇಲ್ಲದೆ. ಮಡಿ ಮಾಮ ಯಾರಿಗೂ ಗೊತ್ತಾಗದಂತೆ ಕೈಗವಸಿನ ಅಂಗೈಯನ್ನು ಮೇಲ್ಮುಖವಾಗಿ ಚಾಚಿ, ಮತ್ತೆ ಕೆಳಗಿಳಿಸಿದ.

ಹೊರಗೆ ಬಂದು ಬಿಳಿ ಬಟ್ಟೆ ಕಳಚುತ್ತಲೇ ಮನೆಗೆ ಫೋನ್ ಮಾಡಿದೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಹೆಂಡತಿ ನಿದ್ದೆಗಣ್ಣಿನಲ್ಲೇ ಎತ್ತಿದಳು.

“ಚಿನಕುರುಳಿ ಸ್ಕೂಲಿಂದ ಬಂದ ತಕ್ಷಣ ಹೇಳು. ನಡುವೆ ಬಂತು ಅಂತ.”

“ಸಾಯಂಕಾಲ ನೀವೇ ಬಂದು ಹೇಳಿ ರೀ,” ಎಂದಳು. “ಬಾಗಿಲು ತೆಗೀತಾ ಕೇಳ್ತಾಳಲ್ಲ.”